ಡಾಕ್ಟರ್ ಏಳಲೇಬೇಕು

“ಇವತ್ತು ಡಾಕ್ಟರ್ ಏಳಲೇಬೇಕು!”

ರಸೆಲ್ ಹ್ಯಾಡಿಕ್ಸ್ ಮೇಜು ಗುದ್ದಿದ ರಭಸಕ್ಕೆ ಕಾಫಿ ತುಳುಕಿ ಅಂದಿನ ಕಂತಿನ ಹಾಳೆಗಳ ಮೇಲೆ ಚೆಲ್ಲಿತು. ಒರೆಸಲು ಯಾರೂ ಮುಂದಾಗಲಿಲ್ಲ.

ಮಧ್ಯಾಹ್ನ ಇಸ್ತ್ರಿ ಹಾಕುತ್ತ ಜನ ನೋಡುವ ‘ಬೀಕನ್ ಕೋವ್’ ಧಾರಾವಾಹಿಗೆ ಅವನು ಹೊಸ ನಿರ್ಮಾಪಕ. ನ್ಯೂಯಾರ್ಕಿನ ಆ ಹಳೇ ಸ್ಟುಡಿಯೋಗೆ ಬಂದು ತಿಂಗಳೂ ತುಂಬಿರಲಿಲ್ಲ. ನೋಡುಗರು ದಿನೇ ದಿನೇ ಕರಗುತ್ತಿದ್ದರು. ಈ ಸಲ ಚೇತರಿಸಿಕೊಳ್ಳದಿದ್ದರೆ ನಿಲ್ಲಿಸಿಬಿಡುತ್ತೇವೆ ಎಂದು ಚಾನೆಲ್ಲಿನವರು ಖಡಾಖಂಡಿತವಾಗಿ ಹೇಳಿದ್ದರು. ನಿಂತರೆ ಬಡಗಿಯಿಂದ ಹಿಡಿದು ನಾಯಕಿಯವರೆಗೆ ಎಲ್ಲರೂ ಬೀದಿಪಾಲು. ರಸೆಲ್‌ಗೆ ಕಂಡ ಮದ್ದು ಒಂದೇ. ವರ್ಷದಿಂದ ಕೋಮಾದಲ್ಲಿ ಬಿದ್ದಿರುವ ಡಾಕ್ಟರ್ ಲೈಲ್ ಕಣ್ಣು ಬಿಡಬೇಕು. ಮೂಟೆಗಟ್ಟಲೆ ಬರುವ ಪತ್ರಗಳಲ್ಲೂ ಜನ ಅದನ್ನೇ ಬೇಡುತ್ತಿದ್ದರು.

ಆದರೆ ಡಾಕ್ಟರನ್ನು ಎಬ್ಬಿಸಲು ಸ್ಟುಡಿಯೋದಲ್ಲಿ ಒಬ್ಬರಿಗೂ ಮನಸ್ಸಿರಲಿಲ್ಲ. ಏಳುವ ದೃಶ್ಯ ಬರೆದುಕೊಡು ಎಂದರೆ ಬರಹಗಾರನಿಗೆ ಜ್ವರ. ಬರೆದು ಕೊಟ್ಟ ಹಾಳೆಗಳು ಮಾಯ. ನಿರ್ದೇಶಕ ಸೋಲ್‌ಗೆ ಅದೊಂದು ದೃಶ್ಯಕ್ಕೆ ಮಾತ್ರ ಲೈಟು ಸರಿಹೋಗುತ್ತಿರಲಿಲ್ಲ. ರಸೆಲ್ ಕೂಗಾಡಿದರೆ ಎಲ್ಲರೂ ವಿನಯದಿಂದ ತಲೆಯಾಡಿಸಿ, ಮಾಡದೆ ಬಿಡುತ್ತಿದ್ದರು.

“ಮಲಗಿರೋರನ್ನ ಮಲಗೋಕೆ ಬಿಡು ಮರಿ,” ಎಂದಳು ಕೊರೀನ್, ಉಗುರು ನೋಡಿಕೊಳ್ಳುತ್ತ. ಧಾರಾವಾಹಿಯಲ್ಲಿ ಡಾಕ್ಟರನ ಹೆಂಡತಿ ಅವಳೇ. “ನನ್ನ ಅಳು ನೋಡಿ ಇನ್ನೂ ಯಾರಿಗೂ ಬೇಜಾರಾಗಿಲ್ಲ.”

ಓಹೋ, ವಿಷಯ ಇದು ಎಂದುಕೊಂಡ ರಸೆಲ್. ಗಂಡ ಮಲಗಿರುವಷ್ಟು ದಿನ ಕಣ್ಣೀರೆಲ್ಲ ಅವಳದು, ಕ್ಯಾಮೆರಾವೂ ಅವಳದು. ಅವನೆದ್ದರೆ ಪಾಲು ಕೊಡಬೇಕು.

ಮಲಗಿರುವ ಮಹಾಶಯನೂ ಕಡಿಮೆಯವನಲ್ಲ. ಎಮೆಟ್ ವ್ಯಾಂಡಿವರ್, ತಾರುಣ್ಯದಿಂದಲೂ ಅದೇ ಡಾಕ್ಟರನ ಪಾತ್ರ. ಕೋಣೆಗೆ ಬಂದು ಕಾಣು ಎಂದು ಎಷ್ಟು ಸಲ ಹೇಳಿಕಳಿಸಿದರೂ ಬಂದಿರಲಿಲ್ಲ. ಮನೆಗೆ ಫೋನ್ ಮಾಡಿದರೆ ಒಡಕು ದನಿಯ ಹೆಂಗಸೊಬ್ಬಳು, “ಅವರಿಗೆ ಬರೋಕಾಗಲ್ಲ ಸರ್,” ಎಂದು ಇಟ್ಟುಬಿಟ್ಟಿದ್ದಳು. ಬೆಳಿಗ್ಗೆ ರಸೆಲ್ ಬರುವಷ್ಟರಲ್ಲಿ ಆಸಾಮಿ ಬಣ್ಣ ಹಚ್ಚಿಕೊಂಡು ಮಂಚ ಹಿಡಿದಿರುತ್ತಿದ್ದ.

“ಊಟಕ್ಕಾದ್ರೂ ಏಳಲ್ವಾ ಈ ಮನುಷ್ಯ?” ಎಂದು ರಸೆಲ್ ಒಮ್ಮೆ ಕೇಳಿದ್ದ.

“ಪಾತ್ರದಲ್ಲಿ ಮುಳುಗಿಹೋಗಿದಾರೆ ಮಾರಾಯಾ,” ಎಂದಿದ್ದ ಸೋಲ್, ಎತ್ತಲೋ ನೋಡುತ್ತ.

“ಅದ್ಸರಿ, ಯಾವಾಗ್ಲೂ ಎಡಗಡೆಯಿಂದಲೇ ಯಾಕೆ ತೆಗೀತೀಯ?”

“ಆ ಕಡೆ ಚೆನ್ನಾಗಿ ಕಾಣ್ತಾರೆ.”

ಬಿಂಕ ನೋಡು! ರಸೆಲ್‌ಗೆ ಮೈ ಉರಿಯಿತು. ವರ್ಷದಲ್ಲಿ ಇಂತಿಷ್ಟು ದಿನ ಕ್ಯಾಮೆರಾ ಮುಂದೆ ಬಂದರೆ ಮಾತ್ರ ನಟರ ಸಂಘದ ಆಸ್ಪತ್ರೆ ವಿಮೆ ಉಳಿಯುತ್ತದೆ. ಸೋಮಾರಿ ಮಲಗಿಕೊಂಡೇ ದಿನ ತುಂಬಿಸುತ್ತಿದ್ದಾನೆ ಎಂದು ಲೆಕ್ಕ ಹಾಕಿದ. ಆದರೂ ಒಂದು ಮಾತು ಒಪ್ಪಲೇಬೇಕಿತ್ತು. ಮೇಲಿನ ಗಾಜಿನ ಕೋಣೆಯಿಂದ ನೋಡಿದರೆ ಆ ಕೋಮಾ ಅಪ್ಪಟ ನಿಜವೆನಿಸುತ್ತಿತ್ತು. ನೊಣ ಕೂತರೂ ಅವನ ಕೈ ಮೇಲೇಳುತ್ತಿರಲಿಲ್ಲ. ನರ್ಸ್ ಬಂದು ಓಡಿಸಬೇಕು.

ಆ ನರ್ಸಿನದು ಇನ್ನೊಂದು ತಲೆನೋವು. ಮಾತಿಲ್ಲದ ಪಾತ್ರ. ಮಂಚದ ಪಕ್ಕ ಸುಮ್ಮನೆ ನಿಲ್ಲು ಎಂದರೆ ಕೊರೀನ್ ಬಿಕ್ಕುವ ಹೊತ್ತಿಗೆ ಸರಿಯಾಗಿ ಅಡ್ಡ ಬಂದು ರೋಗಿಯ ದಿಂಬು ಸರಿಮಾಡುತ್ತಿದ್ದಳು, ಬಾಯಿ ಒರೆಸುತ್ತಿದ್ದಳು.

“ಅವಳನ್ನ ಬದಲಾಯಿಸಿ. ಒಂದು ಚೂರೂ ನಟನೆ ಬರಲ್ಲ ಅವಳಿಗೆ,” ಎಂದ ರಸೆಲ್.

ಕೊರೀನ್ ಉಗುರು ನೋಡುವುದನ್ನು ಬಿಟ್ಟಳು. “ಅವಳು ಹೋದ್ರೆ ನಾನೂ ಹೋಗ್ತೀನಿ.”

ಇವರೆಲ್ಲ ಸೇರಿ ತನ್ನನ್ನು ಮುಳುಗಿಸಲು ಹೊರಟಿದ್ದಾರೆ ಎಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ.

ಕೆಳಗೆ ಸೆಟ್ಟಿನಲ್ಲಿ ಲೈಟು ಹತ್ತಿತು. ಕೊರೀನ್ ಮಂಚದ ಮೇಲೆ ಬಾಗಿದಳು. “ಲೈಲ್, ಒಂದ್ಸಲ ಕಣ್ಣು ಬಿಡು…” ಅಷ್ಟರಲ್ಲಿ ಅವಳಿಗೇ ಕೆಮ್ಮು ಬಂತು. ನಿಲ್ಲಿಸಿ ಮತ್ತೆ ಶುರುಮಾಡಿದರು. ಅದೇ ಸಾಲು, ಅದೇ ಕೆಮ್ಮು. ರಸೆಲ್ ಗಾಜಿನ ಕೋಣೆಯಿಂದ ದಡದಡನೆ ಮೆಟ್ಟಿಲಿಳಿದ. ನರ್ಸ್ ಅಡ್ಡ ನಿಂತಳು. ಅವಳನ್ನು ಸರಿಸಿ, ಕ್ಯಾಮೆರಾ ಎಂದೂ ಹೋಗದ ಬಲಮಗ್ಗುಲಿಗೆ ಹೋಗಿ ನಿಂತ.

“ಸಾಕು ನಾಟಕ, ಎದ್ದೇಳಿ ಮಿಸ್ಟರ್ ವ್ಯಾಂಡಿವರ್!”

ಎಮೆಟ್ ಕಣ್ಣು ಬಿಟ್ಟ. ಎಡಗಣ್ಣು ಪೂರ್ತಿ ತೆರೆಯಿತು. ಬಲಗಣ್ಣು ಅರ್ಧಕ್ಕೇ ನಿಂತಿತು. ಆ ಬದಿಯ ಕೆನ್ನೆ ಜೋತುಬಿದ್ದಿತ್ತು, ತುಟಿಯ ತುದಿಯಿಂದ ಜೊಲ್ಲು ಇಳಿಯುತ್ತಿತ್ತು. ಏನೋ ಹೇಳಲು ಹೆಣಗಿದ. ಹೊರಬಿದ್ದದ್ದು ಮಾತಲ್ಲ. ಅವನ ಎಡಗೈ ತಡವರಿಸಿ ನರ್ಸಿನ ಬಿಳಿ ಮೇಲುಡುಪಿನ ಅಂಚನ್ನು ಹಿಡಿದುಕೊಂಡಿತು.

“ಅವರಿಗೆ ಏಳೋಕಾಗಲ್ಲ ಸರ್,” ಎಂದಳು ಅವಳು. ಫೋನಿನಲ್ಲಿ ಕೇಳಿದ್ದ ಅದೇ ಒಡಕು ದನಿ. ಬಾಗಿ ಗಂಡನ ಬಾಯಿ ಒರೆಸಿದಳು. “ಹೋದ ವರ್ಷ ಲಕ್ವ ಹೊಡೀತು. ಇಲ್ಲಿಗೆ ಕರ್ಕೊಂಡು ಬರದಿದ್ರೆ ವಿಮೆ ಹೋಗುತ್ತೆ. ವಿಮೆ ಹೋದ್ರೆ ಔಷಧಿ ನಿಲ್ಲುತ್ತೆ.”

ಯಾರೂ ತಲೆಯೆತ್ತಲಿಲ್ಲ. ಬಡಗಿ, ಲೈಟಿನವನು, ಸೋಲ್, ಎಲ್ಲರಿಗೂ ಗೊತ್ತಿತ್ತು. ಕೊರೀನ್ ಅಳುತ್ತಿದ್ದಳು, ಯಾವ ಕ್ಯಾಮೆರಾವೂ ಅವಳತ್ತ ತಿರುಗಿರಲಿಲ್ಲ. ಡಾಕ್ಟರ್ ಏಳುವುದಿಲ್ಲ, ಧಾರಾವಾಹಿ ಉಳಿಯುವುದಿಲ್ಲ. ಎರಡನ್ನೂ ಬದಲಿಸುವುದು ರಸೆಲ್‌ನ ಕೈಯಲ್ಲಿರಲಿಲ್ಲ. ಅವನು ಮಂಚದಿಂದ ದೂರ ಸರಿದು ಕ್ಯಾಮೆರಾ ಹಿಂದೆ ಹೋಗಿ ನಿಂತ.

“ಎಡಗಡೆಯಿಂದ ತೆಗೀರಿ,” ಎಂದ.