ಹೆಬ್ಬೆರಳಿಗೆ ಚುಚ್ಚಿದ್ದು

ಹೆಂಡತಿಯ ಬೋಳುತಲೆಗೆ ಎಣ್ಣೆ ತಿಕ್ಕುತ್ತಿದ್ದ ಕ್ಷೌರಿಕನ ಹೆಬ್ಬೆರಳು ಕಿವಿಯ ಹಿಂದೆ ಗಕ್ಕನೆ ನಿಂತಿತು. ಏನೋ ಮೆಲ್ಲಗೆ ಚುಚ್ಚಿತ್ತು.

"ಅಲ್ಲಾಡಬೇಡ ಕಣೇ!"

"ಯಾಕ್ರೀ, ಹೇನಾ?"

"ಹೇನು ಕೂರೋಕೆ ಜಾಗ ಬಂದಿದೆ! ಮುಟ್ಟಿ ನೋಡು!"

ಅವಳ ಬೆರಳು ತಡವರಿಸುತ್ತ ಹೋಗಿ ಅಲ್ಲೇ ನಿಂತಿತು. ಕ್ಯಾನ್ಸರಿನ ಕೀಮೋ ಮುಗಿದು ತಿಂಗಳುಗಳಾದರೂ ಬಾರದೆ, ಇನ್ನು ಬರುವುದೇ ಇಲ್ಲವೆಂದು ಅವಳು ಆಸೆ ಬಿಟ್ಟಿದ್ದ ಕೂದಲು. ಆಮೇಲೆ ಅವಳು ಕುರ್ಚಿ ಅಲುಗುವಷ್ಟು ನಕ್ಕಳು.

"ನೋಡಿದ್ಯಾ, ನನ್ನ ಎಣ್ಣೆ!"

"ಸಾಕು ಜಂಬ. ಎಣ್ಣೆ ಬರೀ ಹಿತಕ್ಕೆ, ಕೂದಲು ತಾನಾಗೇ ಬರುತ್ತೆ ಅಂತ ಡಾಕ್ಟರು ಅವತ್ತೇ ಹೇಳಿರಲಿಲ್ವಾ?"

"ಸರಿ ಬಿಡು. ಹಾಗಾದ್ರೆ ನಾಳೆಯಿಂದ ಬೇಡ." ಅವನು ಕೈ ಒರೆಸಿಕೊಳ್ಳತೊಡಗಿದ.

ಅವಳು ಆ ಕೈಯನ್ನು ಹಿಡಿದೆಳೆದು ಮತ್ತೆ ತಲೆಯ ಮೇಲಿಟ್ಟುಕೊಂಡಳು.

"ನಿಲ್ಲಿಸಿ ಅಂತ ಯಾರ್ರೀ ಹೇಳಿದ್ದು?"