ಕಾರಿಗೆ ಕೇಳಿಸಿದ ಮಾತು

ಕಾರಿಗೆ ಕೇಳಿಸುವಂತೆ ವಾರಂಟಿಯ ಮಾತೆತ್ತಬಾರದೆಂಬುದು ಎಲ್ಲ ಮನೆಗಳ ರೂಢಿ. ಆದ್ದರಿಂದ ನರಹರಿರಾಯರು ಘಟ್ಟದ ಮೇಲಿನ ಹೋಟೆಲಿನಲ್ಲಿ, ಚಾರ್ಜಿಗೆ ನಿಂತ ತಮ್ಮ ಚಾಲಕನಿಲ್ಲದ ಕಾರಿನಿಂದ ದೂರ ಕುಳಿತು, ಹೆಂಡತಿಯ ಕಿವಿಯಲ್ಲಿ ಉಸುರಿದರು: “ವಾರಂಟಿ ಮುಂದುವರಿಸೋದು ಬೇಡ, ಅಂಬುಜಾ. ಗುಜರಿಗೆ ಹಾಕಿಬಿಡೋಣ.”

“ಮೆಲ್ಲಗೆ ರೀ. ಇನ್ನೂ ಘಟ್ಟ ಇಳೀಬೇಕು.”

ಆಗ ರಾಯರಿಗೆ ಜೇಬಿನಲ್ಲಿದ್ದ ಮೊಬೈಲಿನ ನೆನಪಾಯಿತು. ಕಾರಿಗೆ ಅದೂ ಒಂದು ಕಿವಿಯೇ. ಕೇಳಿಸಿರಲಾರದೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಹತ್ತಿ ಕುಳಿತರು.

ದಾರಿಯುದ್ದಕ್ಕೂ ಹರಟುತ್ತ ಬಂದಿದ್ದ ಕಾರು ಈಗ ತುಟಿ ಬಿಚ್ಚಲಿಲ್ಲ. ಇಳಿಜಾರು ಬಂದರೂ ವೇಗ ತಗ್ಗಲಿಲ್ಲ.

“ಸ್ವಲ್ಪ ನಿಧಾನವಪ್ಪಾ,” ಎಂದರು ರಾಯರು, ಮುನಿಸಿಕೊಂಡ ಅಳಿಯನನ್ನು ರಮಿಸುವ ದನಿಯಲ್ಲಿ.

ಎದುರಿನ ಪರದೆಯ ಮೇಲೆ ಐದು ವರ್ಷದ ವಾರಂಟಿಯ ಕರಾರು ತಾನಾಗಿ ತೆರೆದುಕೊಂಡಿತು.

“ಬೇಗ ಒಪ್ಪಿಗೆ ಒತ್ತಿ, ಯಜಮಾನ್ರೇ,” ಎಂದಿತು ಕಾರು, ಬಲು ವಿನಯದಿಂದ. “ಮುಂದೆ ತಿರುವಿದೆ.”