ಬಾಗಿಲಿನ ಆರ್ಡರ್

ಎಪ್ಪತ್ತು ದಾಟಿದವರಿಗೆ ಬೆಳಿಗ್ಗೆ ಮನೆಬಾಗಿಲು ಸುಮ್ಮನೆ ತೆರೆಯುವುದಿಲ್ಲ. ನೆನಪಿನ ಪರೀಕ್ಷೆಗೆ ಅದು ಐದು ಪದ ಹೇಳುತ್ತದೆ, ಐದು ನಿಮಿಷ ಬಿಟ್ಟು ಅವನ್ನೇ ತಿರುಗಿ ಕೇಳುತ್ತದೆ. ಸತತ ಮೂರು ದಿನ ತಪ್ಪಿದವರು ಆಮೇಲೆ ಒಬ್ಬರೇ ಹೊರಗೆ ಹೋಗುವಂತಿಲ್ಲ. ಮೈಸೂರಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ಸಪ್ಲೈಯರ್ ಆಗಿದ್ದ ವೆಂಕಟರಮಣ ಐತಾಳರು ಆಗಲೇ ಎರಡು ದಿನ ತಪ್ಪಿದ್ದರು.

ಮೂರನೆಯ ದಿನ ಬಾಗಿಲು ಹೇಳಿತು: "ಛತ್ರಿ, ನಿಂಬೆ, ರೈಲು, ಕನ್ನಡಿ, ಗುಬ್ಬಿ."

ಐತಾಳರು ನಿನ್ನೆಯಂತೆಯೇ ಉರು ಹೊಡೆಯಲು ಹೊರಟರು. ಹೆಂಡತಿ ಜಲಜಾಕ್ಷಿಗೆ ರೇಗಿಹೋಯಿತು.

"ಬಾಯಿಪಾಠ ನಿಮಗೆ ಯಾವತ್ತು ಬಂದಿತ್ತು ರೀ? ಹೋಟ್ಲಲ್ಲಿ ಹತ್ತು ಟೇಬಲ್ ಆರ್ಡರು ಚೀಟಿ ಇಲ್ದೆ ಹೇಳ್ತಿದ್ರಲ್ಲ, ಹಂಗೆ ಹೇಳಿ!"

ಐತಾಳರು ಹೆಗಲಿಗೆ ಟವೆಲ್ ಹಾಕಿಕೊಂಡು ಕಣ್ಣು ಮುಚ್ಚಿದರು. ಮನಸ್ಸಿನಲ್ಲೇ ಒಂದನೇ ಟೇಬಲ್ಲಿನ ವಕೀಲರ ಮುಂದೆ ಛತ್ರಿ ಇಟ್ಟರು. ಎರಡರ ಮೇಷ್ಟ್ರಿಗೆ ನಿಂಬೆ ಕೊಟ್ಟರು. ಐದನೆಯ ಟೇಬಲ್ಲಿನ ತನಕ ಹೀಗೇ ಬಡಿಸಿ ಬಂದು, ನಿಶ್ಚಿಂತೆಯಿಂದ ಕಾಫಿ ಕುಡಿದರು.

"ಈಗ ಹೇಳಿ," ಎಂದಿತು ಬಾಗಿಲು.

ಹೋಟೆಲಿನ ಅಡುಗೆಮನೆಗೆ ಕೂಗುತ್ತಿದ್ದ ಆ ಹಳೆಯ ದನಿ ಮನೆಯೆಲ್ಲ ತುಂಬಿತು.

"ಒಂದಕ್ಕೆ ಛತ್ರಿ! ಎರಡಕ್ಕೆ ನಿಂಬೆ! ಮೂರಕ್ಕೆ ರೈಲು, ಬಿಸಿಯಾಗಿ! ನಾಲ್ಕಕ್ಕೆ ಕನ್ನಡಿ! ಐದಕ್ಕೆ ಗುಬ್ಬಿ ಒಂದೂಊ!"

ಚಿಲಕ ಸರಿಯಿತು. ಬಾಗಿಲು ಅಗಲವಾಗಿ ತೆರೆದುಕೊಂಡಿತು.

ಐತಾಳರು ಹೊಸ್ತಿಲ ಮೇಲೆ ನಿಂತು, ಟವೆಲ್ಲಿನಿಂದ ಬಾಗಿಲನ್ನೊಮ್ಮೆ ಒರೆಸಿ, ತುಸು ಬಗ್ಗಿ ಕೇಳಿದರು:

"ಮತ್ತೇನ್ ಕೊಡ್ಲಿ ಸಾರ್?"